ಕಾಲಮ್ ಒಳಗೆ ನೀರು ಸಿಕ್ಕಿಕೊಂಡಿದೆಯಾ? ಲಕ್ಷಣ ನೋಡಿ ಕಾರಣ ಹಿಡಿಯುವ ಕೈಪಿಡಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಅಂದರೆ ಕಬ್ಬು, ಸಕ್ಕರೆ ಕಾರ್ಖಾನೆ, ಪಕ್ಕದಲ್ಲೇ ಡಿಸ್ಟಿಲರಿ. ಡಿಪ್ಲೊಮಾ ಮುಗಿಸಿ ಮುಧೋಳ, ಜಮಖಂಡಿ, ಅಥಣಿ ಕಡೆ ಒಂದೆರಡು ಸೀಸನ್ ಕಾಲಮ್ (ದ್ರವ ಕುದಿಸಿ ಬೇರ್ಪಡಿಸುವ ಎತ್ತರದ ಗೋಪುರ) ನಡೆಸಿ, ಆಮೇಲೆ ಮಂಗಳೂರಿಗೋ ಗುಜರಾತಿಗೋ ರಿಫೈನರಿ ಕೆಲಸಕ್ಕೆ ಹೋಗುವ ಹುಡುಗರು ನಮ್ಮಲ್ಲಿ ಸಾಕಷ್ಟಿದ್ದಾರೆ. ಈ ಬರಹ ಮುಖ್ಯವಾಗಿ ಅವರಿಗೆ. ಟ್ರೇ (ಕಾಲಮ್ ಒಳಗಿನ ತಟ್ಟೆ), ರಿಫ್ಲಕ್ಸ್ (ತಣಿಸಿ ಮೇಲಿನಿಂದ ಮರಳಿ ಬಿಡುವ ದ್ರವ), ರೀಬಾಯ್ಲರ್ (ತಳವನ್ನು ಬಿಸಿ ಮಾಡುವ ಉಪಕರಣ) ಎಲ್ಲಾ ಗೊತ್ತಿದ್ದೂ ಅವರು ಒಂದು ಕಡೆ ಎಡವುತ್ತಾರೆ. ಅದು ನೀರಿನ ವಿಷಯದಲ್ಲಿ.

ಡಿಸ್ಟಿಲರಿಯಲ್ಲಿ ನೀರು ಸಾಧು ಪ್ರಾಣಿ. ಆಲ್ಕೋಹಾಲ್ ಜೊತೆ ಪೂರ್ತಿ ಬೆರೆಯುತ್ತದೆ, ಆಲ್ಕೋಹಾಲಿನಷ್ಟು ಸುಲಭಕ್ಕೆ ಆವಿಯಾಗದ್ದರಿಂದ ಕೆಳಗಿಳಿದು ಸ್ಪೆಂಟ್ ಲೀಸ್ (ಆಲ್ಕೋಹಾಲ್ ತೆಗೆದು ಉಳಿದ ನೀರು) ಆಗಿ ಹೊರಗೆ ಹೋಗುತ್ತದೆ. ಸ್ವಲ್ಪ ಭಾಗ ಮೇಲೆ ಬಂದರೂ 78.2 ಡಿಗ್ರಿಯಲ್ಲಿ ಆಲ್ಕೋಹಾಲಿನ ಜೊತೆ ಜೋಡಿಯಾಗಿಯೇ ಬರುತ್ತದೆ. ರಿಫೈನರಿ ಕಾಲಮ್‌ನಲ್ಲಿ ಇದೇ ನೀರಿನ ನಡತೆ ಬೇರೆ. ಎಣ್ಣೆ ಜೊತೆ ಅದು ಹೆಚ್ಚುಕಡಿಮೆ ಬೆರೆಯುವುದೇ ಇಲ್ಲ. ಬೆರೆಯದ ಎರಡು ದ್ರವ ಒಟ್ಟಿಗೆ ಇದ್ದರೆ ಎರಡೂ ತಮ್ಮ ತಮ್ಮ ಆವಿ ಒತ್ತಡವನ್ನು ಪೂರ್ತಿ ಹಾಕುತ್ತವೆ. ಎರಡರ ಮೊತ್ತ ಕಾಲಮ್ ಒತ್ತಡಕ್ಕೆ ಸಮ ಆಯಿತು ಅಂದರೆ ಕುದಿತ ಶುರು. ಹೆಪ್ಟೇನ್ ಒಂದೇ ಇದ್ದರೆ 98 ಡಿಗ್ರಿಗೆ ಕುದಿಯುತ್ತದೆ, ನೀರು 100ಕ್ಕೆ. ಎರಡನ್ನೂ ಒಂದೇ ಪಾತ್ರೆಗೆ ಹಾಕಿದರೆ 79 ಡಿಗ್ರಿಗೇ ಕುದಿಯುತ್ತವೆ!

ಹಾಗಾಗಿ ನೀರಿನ ಕುದಿಯುವ ಬಿಂದು 100 ಅಂತ ತಲೆಯಲ್ಲಿಟ್ಟುಕೊಂಡು ಹುಡುಕಿದರೆ ದಾರಿ ತಪ್ಪುತ್ತದೆ. ಅಷ್ಟಕ್ಕೂ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ಬೆಳಗಾವಿಯಲ್ಲಿ ನೀರು 97-98ಕ್ಕೇ ಕುದಿಯುತ್ತದೆ. ಒತ್ತಡ ಎಷ್ಟಿದೆ, ಮೇಲ್ಗಡೆ ಟೆಂಪರೇಚರ್ ಎಷ್ಟಿದೆ, ಕೆಳಗೆ ಎಷ್ಟಿದೆ ಅನ್ನುವುದರ ಮೇಲೆ ನೀರು ಎಲ್ಲಿರುತ್ತದೆ ಅಂತ ತೀರ್ಮಾನ ಆಗುತ್ತದೆ. ಬಹುತೇಕ ಹೈಡ್ರೋಕಾರ್ಬನ್ ಕಾಲಮ್‌ಗಳಲ್ಲಿ ತಳದ ಬಿಸಿಗೆ ನೀರು ನಿಲ್ಲುವುದಿಲ್ಲ. ಅದರ ಸರಿಯಾದ ದಾರಿ ಒಂದೇ: ಆವಿಯಾಗಿ ಮೇಲೆ ಹೋಗಿ, ಕಂಡೆನ್ಸರ್‌ನಲ್ಲಿ ತಣಿದು, ರಿಫ್ಲಕ್ಸ್ ಡ್ರಮ್‌ನ ಬೂಟ್‌ನಲ್ಲಿ (ಡ್ರಮ್ ತಳದಲ್ಲಿ ನೀರು ನಿಲ್ಲುವ ಗುಂಡಿಯಲ್ಲಿ) ಕೂತು, ಅಲ್ಲಿಂದ ಹೊರಗೆ. ಮುಂದೆ ಹೇಳುವ ಹೆಚ್ಚಿನ ದೋಷಗಳೆಲ್ಲ ಈ ದಾರಿ ಎಲ್ಲೋ ಕಟ್ಟಿಕೊಂಡದ್ದರಿಂದ ಬರುವಂಥವು.

ಬೂಟ್ ಲೆವೆಲ್ ಗೆರೆ ಎಳೆದ ಹಾಗೆ ನಿಂತಿದೆ

ಪ್ಯಾನೆಲ್‌ನಲ್ಲಿ ನೋಡಿದರೆ ಎಲ್ಲ ಚೆಂದ. ಇಂಟರ್‌ಫೇಸ್ ಲೆವೆಲ್ (ನೀರು-ಎಣ್ಣೆ ಗಡಿಯ ಮಟ್ಟ) 50 ಪರ್ಸೆಂಟ್, ಅಲುಗಾಟವೇ ಇಲ್ಲ. ಆದರೆ ಬದುಕಿರುವ ಲೆವೆಲ್ ಸ್ವಲ್ಪವಾದರೂ ಅಲ್ಲಾಡುತ್ತದೆ, ಅಲ್ವಾ? ಗಂಟೆಗಟ್ಟಲೆ ನೇರ ಗೆರೆ ಬಂದರೆ ಮೊದಲು ಮೀಟರ್ ಮೇಲೇ ಅನುಮಾನ ಪಡಿ. ನಮ್ಮ ಕಡೆಯ ಶಿಫ್ಟ್ ಇನ್‌ಚಾರ್ಜ್ ಆಗಿದ್ದರೆ ಮಾತು ಹೀಗೆ ನಡೆಯುತ್ತದೆ:

"ಸರ್, ಬೂಟ್ ಲೆವೆಲ್ ಸ್ಟೆಡಿ ಐತ್ರೀ."

"ಸ್ಟೆಡಿ ಇರ್ಲಿ. ನೀರು ಹೊಂಟೈತೇನು ನೋಡ್ಕೊಂಡು ಬಾರೋ ತಮ್ಮಾ."

ಸರಿಯಾದ ಪ್ರಶ್ನೆ ಅದೇ. ಫೀಲ್ಡ್‌ಗೆ ಹೋಗಿ ಗೇಜ್ ಗ್ಲಾಸ್ ನೋಡಿ. ನೀರು ಮತ್ತು ಎಣ್ಣೆ ಬೇರೆಯಾದ ಗೆರೆ ಕಾಣುತ್ತಿದೆಯಾ? ಒಂದು ಸೂಕ್ಷ್ಮ ಇದೆ. ಗ್ಲಾಸಿನ ಕೆಳಗಿನ ಟ್ಯಾಪಿಂಗ್ (ಪಾತ್ರೆಗೆ ಜೋಡಿಸಿದ ತೂತು) ನೀರಿನಲ್ಲಿ, ಮೇಲಿನದು ಎಣ್ಣೆಯಲ್ಲಿ ಇದ್ದರೆ ಮಾತ್ರ ಗ್ಲಾಸ್ ಹೇಳುವುದು ನಿಜ. ನೀರು ಏರಿ ಎರಡೂ ಟ್ಯಾಪಿಂಗ್ ಮುಳುಗಿದರೆ ಗ್ಲಾಸಿನ ಒಳಗಿನ ಹಳೆಯ ಎಣ್ಣೆ ಹೊರಗೆ ಹೋಗಲಾಗದೆ ಅಲ್ಲೇ ಉಳಿಯುತ್ತದೆ. ನೀವು ನೋಡುವುದು ಹಳೆಯ ಗೆರೆ. ಆದ್ದರಿಂದ ಸುಮ್ನೆ ನೋಡಿ ಬಂದರೆ ಸಾಲದು. ಪದ್ಧತಿ ಪ್ರಕಾರ ಗ್ಲಾಸನ್ನು ಒಮ್ಮೆ ಖಾಲಿ ಮಾಡಿ, ಮತ್ತೆ ತುಂಬಲು ಬಿಟ್ಟು, ಆಮೇಲೆ ನಂಬಿ.

ಗ್ಲಾಸ್‌ನಲ್ಲಿ ನೀರು ಜಾಸ್ತಿ, ಟ್ರಾನ್ಸ್‌ಮಿಟರ್‌ನಲ್ಲಿ ಕಡಿಮೆ ಬಂದರೆ ಟ್ಯಾಪಿಂಗ್ ಕಟ್ಟಿಕೊಂಡಿದೆ ಅಥವಾ ಮೀಟರಿಗೆ ಕೊಟ್ಟ ಸಾಂದ್ರತೆ ಈಗಿನ ಎಣ್ಣೆಗೆ ಹೊಂದುತ್ತಿಲ್ಲ. ಎರಡೂ ಸರಿ ಇದ್ದು ನೀರು ಮಾತ್ರ ಹೋಗುತ್ತಿಲ್ಲ ಅಂದರೆ ಕಂಟ್ರೋಲ್ ವಾಲ್ವ್ ನೋಡಿ. ಪ್ಯಾನೆಲ್ 60 ಪರ್ಸೆಂಟ್ ಅಂದಾಗ ವಾಲ್ವ್‌ನ ಸ್ಟೆಮ್ (ಒಳಗಿನ ಕಡ್ಡಿ) ನಿಜಕ್ಕೂ ಎದ್ದಿದೆಯಾ? ವಾಲ್ವ್ ಸರಿ ಇದ್ದರೆ ಪೈಪ್ ಒಳಗೆ ತುಕ್ಕು ಅಥವಾ ಉಪ್ಪು ಕೂತಿರಬೇಕು.

ಇಲ್ಲಿ ಕೈ ಹಾಕುವ ಮೊದಲು ಎರಡು ಮಾತು. ಬೂಟ್ ನೀರಿನಲ್ಲಿ ಹೈಡ್ರೋಜನ್ ಸಲ್ಫೈಡ್ ಕರಗಿರುತ್ತದೆ. ಕೊಳೆತ ಮೊಟ್ಟೆ ವಾಸನೆ ಬರುತ್ತದಲ್ಲ, ಗೊತ್ತಾಗೇ ಆಗುತ್ತದೆ ಅನ್ನುವುದು ಅಪಾಯದ ನಂಬಿಕೆ. 100 ಪಿಪಿಎಂ ಹತ್ತಿರ ಬಂದರೆ ಮೂಗು ಸತ್ತುಹೋಗುತ್ತದೆ, ವಾಸನೆಯೇ ಇಲ್ಲ ಅನಿಸುತ್ತದೆ, ಅಪಾಯ ಮಾತ್ರ ಏರುತ್ತಲೇ ಇರುತ್ತದೆ. ಗ್ಯಾಸ್ ಡಿಟೆಕ್ಟರ್ ಎದೆಗೆ ಸಿಕ್ಕಿಸಿಕೊಂಡು, ಗಾಳಿಗೆ ಬೆನ್ನು ಕೊಟ್ಟು ನಿಂತು, ಜೊತೆಗೊಬ್ಬರನ್ನು ಇಟ್ಟುಕೊಂಡೇ ಕೆಲಸ ಮಾಡಬೇಕು. ಉಸಿರಾಟದ ಸೆಟ್ ಹಾಕಿಕೊಳ್ಳಬೇಕು ಅಂತ ಪರ್ಮಿಟ್‌ನಲ್ಲಿದ್ದರೆ ಅದಿಲ್ಲದೆ ಹೋಗಲೇಬಾರದು.

ಎರಡನೆಯದು ಡ್ರೇನ್ ತೆರೆಯುವ ಕ್ರಮ. ಎಲ್‌ಪಿಜಿ ಇರುವ ಪಾತ್ರೆಯಲ್ಲಿ ಡ್ರೇನ್‌ಗೆ ಸಾಲಾಗಿ ಎರಡು ವಾಲ್ವ್ ಇರುತ್ತವೆ. ಪಾತ್ರೆಗೆ ಹತ್ತಿರದ್ದನ್ನು ಮೊದಲು ಪೂರ್ತಿ ತೆರೆಯಿರಿ. ಆಮೇಲೆ ಹೊರಗಿನದರಲ್ಲಿ ಸ್ವಲ್ಪ ಸ್ವಲ್ಪ ಬಿಡಿ. ಯಾಕೆ ಅಂದರೆ, ನೀರು ಮುಗಿದು ಗ್ಯಾಸ್ ಬಂದ ಕ್ಷಣ ಸಣ್ಣಗೆ ತೆರೆದ ವಾಲ್ವ್ ಮಂಜುಗಟ್ಟುತ್ತದೆ. ಮಂಜುಗಟ್ಟುವುದು ಹೊರಗಿನದಾದರೆ ಒಳಗಿನದನ್ನು ಮುಚ್ಚಬಹುದು. 1966ರ ಜನವರಿ 4ರಂದು ಫ್ರಾನ್ಸಿನ ಫೇಜಾನ್ ರಿಫೈನರಿಯಲ್ಲಿ ಪ್ರೊಪೇನ್ ತುಂಬಿದ ಗೋಳಾಕಾರದ ಟ್ಯಾಂಕಿನ ತಳದಿಂದ ಹೀಗೇ ಡ್ರೇನ್ ಮಾಡುವಾಗ ಕ್ರಮ ಉಲ್ಟಾ ಆಯಿತು. ವಾಲ್ವ್ ಹೆಪ್ಪುಗಟ್ಟಿ ಮುಚ್ಚಲು ಆಗಲಿಲ್ಲ. ಗ್ಯಾಸ್ ಹತ್ತಿರದ ರಸ್ತೆಯವರೆಗೆ ಹರಡಿ ಹೊತ್ತಿಕೊಂಡಿತು. 18 ಜನ ಸತ್ತರು. ನೀರು ಬಿಡುವುದು ಹೊಸಬರಿಗೆ ಒಪ್ಪಿಸುವ ಸಣ್ಣ ಕೆಲಸ ಅನ್ನುವವರಿಗೆ ನಾನು ಈ ಘಟನೆಯನ್ನೇ ಹೇಳುತ್ತೇನೆ. ಡ್ರೇನ್ ತೆರೆದಿಟ್ಟು ಬೇರೆ ಕಡೆ ಹೋಗುವುದಂತೂ ಮಾಡಲೇಬಾರದು.

ರಿಫ್ಲಕ್ಸ್ ಪಂಪ್‌ನ ಆಂಪ್ಸ್ ಇದ್ದಕ್ಕಿದ್ದಂತೆ ಏರಿತು

ಇದು ಅತಿ ಅಗ್ಗದ ಚೆಕ್. ಎಲ್‌ಪಿಜಿಯ ಸಾಂದ್ರತೆ ನೀರಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ನಾಫ್ತಾದ್ದು (ಪೆಟ್ರೋಲಿನಂಥ ಹಗುರ ಎಣ್ಣೆ) ನೀರಿನ ಸುಮಾರು 0.7 ಪಟ್ಟು. ಅಷ್ಟೇ ಲೀಟರ್ ತಳ್ಳಿದರೂ ಒಳಗೆ ನೀರು ಬಂದರೆ ಪಂಪಿಗೆ ಹೊರೆ ಜಾಸ್ತಿ. ಮೋಟರ್ ಕರೆಂಟ್ ಏರುತ್ತದೆ, ಡಿಸ್ಚಾರ್ಜ್ ಪ್ರೆಷರ್ ಕೂಡ ಏರುತ್ತದೆ. ಎರಡೂ ಒಟ್ಟಿಗೆ ಏರಿದರೆ ಬೂಟ್ ತುಂಬಿ ಡ್ರಮ್‌ನಿಂದ ನೀರು ರಿಫ್ಲಕ್ಸ್ ಜೊತೆ ಹೊರಟಿದೆ ಅಂತ ತಿಳಿಯಿರಿ. ಹೀಗಾದರೆ ಮೇಲೆ ಹೋದ ನೀರೇ ಮತ್ತೆ ಕಾಲಮ್‌ಗೆ ಬಂತು.

ಆಂಪ್ಸ್ ಕುಣಿಯುತ್ತಾ ಪ್ರೆಷರ್ ಬೀಳುತ್ತಿದ್ದರೆ, ಪಂಪಿನೊಳಗೆ ಜಲ್ಲಿ ಉರುಳಿದಂಥ ಸದ್ದು ಬಂದರೆ ಅದು ಕ್ಯಾವಿಟೇಶನ್, ಅಂದರೆ ಪಂಪಿನೊಳಗೆ ಆವಿಯ ಗುಳ್ಳೆ ಹುಟ್ಟಿ ಒಡೆಯುವುದು. ಅದರ ಮದ್ದು ಬೇರೆ. ಎರಡನ್ನೂ ಒಂದೇ ಅಂದುಕೊಂಡು ಪಂಪ್ ಬದಲಾಯಿಸಿದರೆ ಎರಡನೇ ಪಂಪಿನಲ್ಲೂ ಅದೇ ನೀರು ಕಾಣುತ್ತದೆ.

ಡಿಪಿ ನಿಧಾನವಾಗಿ ಏರಿ ಧೊಪ್ಪನೆ ಬೀಳುತ್ತದೆ, ಮತ್ತೆ ಏರುತ್ತದೆ

ತಲೆ ಕೆಡಿಸುವ ದೋಷ ಇದು. ಡಿಪಿ ಅಂದರೆ ಕಾಲಮ್ ತಳಕ್ಕೂ ಮೇಲಕ್ಕೂ ಇರುವ ಒತ್ತಡದ ವ್ಯತ್ಯಾಸ. ಸ್ವಲ್ಪ ವಿವರವಾಗಿ ನೋಡೋಣ.

ಎಲ್‌ಪಿಜಿಯನ್ನು ನಾಫ್ತಾದಿಂದ ಬೇರೆ ಮಾಡುವ ಡಿಬ್ಯೂಟನೈಸರ್ ತರಹದ ಕಾಲಮ್ ತೆಗೆದುಕೊಳ್ಳಿ. ಒಳಗಿನ ಒತ್ತಡ 10 ಬಾರ್ ಅಬ್ಸಲ್ಯೂಟ್, ಮೇಲಿನ ಟೆಂಪರೇಚರ್ 60 ಡಿಗ್ರಿ ಅಂತ ಇಟ್ಟುಕೊಳ್ಳೋಣ. 60 ಡಿಗ್ರಿಯಲ್ಲಿ ನೀರಿನ ಆವಿ ಒತ್ತಡ 0.2 ಬಾರ್. ಅಂದರೆ ಮೇಲೆ ಹೋಗುವ ಆವಿಯಲ್ಲಿ ನೀರಿನ ಪಾಲು 10ಕ್ಕೆ 0.2, ಅಂದರೆ 2 ಮೋಲ್ ಪರ್ಸೆಂಟ್. ಅದಕ್ಕಿಂತ ಜಾಸ್ತಿ ನೀರನ್ನು ಆ ಆವಿ ಹೊರಲಾರದು. ಈಗ ಪ್ರಾಡಕ್ಟ್ ಇನ್ನೂ ಶುದ್ಧ ಬರಲಿ ಅಂತ ರಿಫ್ಲಕ್ಸ್ ಹೆಚ್ಚಿಸಿ ಮೇಲಿನ ಟೆಂಪರೇಚರ್ 50ಕ್ಕೆ ಇಳಿಸಿದಿರಿ ಅನ್ನಿ. 50 ಡಿಗ್ರಿಯಲ್ಲಿ ನೀರಿನ ಆವಿ ಒತ್ತಡ 0.12 ಬಾರ್ ಅಷ್ಟೇ. ಹೊರಗೆ ಹೋಗುವ ದಾರಿ 2ರಿಂದ 1.2 ಪರ್ಸೆಂಟ್‌ಗೆ ಕಿರಿದಾಯಿತು. ಫೀಡ್‌ನಲ್ಲಿ ಬರುವ ನೀರು ಮಾತ್ರ ಅಷ್ಟೇ ಇದೆ. ಉಳಿದದ್ದು ಎಲ್ಲಿಗೆ ಹೋಗಬೇಕು? ಮೇಲೆ ಬಿಡುವುದಿಲ್ಲ. ಕೆಳಗಿಳಿದರೆ ಬಿಸಿಗೆ ಆವಿಯಾಗಿ ಮತ್ತೆ ಮೇಲೆ ಬರುತ್ತದೆ. ಮಧ್ಯದ ಟ್ರೇಗಳಲ್ಲಿ ಸೇರಿಕೊಳ್ಳುತ್ತಾ ಹೋಗುತ್ತದೆ.

ಆಗ ಕಾಣುವುದು ಇಷ್ಟು. ಮಧ್ಯದ ಒಂದೆರಡು ಟೆಂಪರೇಚರ್ ಪಾಯಿಂಟ್ ಮೆಲ್ಲಗೆ ಜಾರುತ್ತವೆ. ಡಿಪಿ ಏರುತ್ತದೆ. ಈ ಹೊತ್ತಿನಲ್ಲಿ ಬೂಟ್‌ಗೆ ನೀರು ಕಡಿಮೆ ಬರುತ್ತದೆ, ಅಥವಾ ಬರುವುದೇ ಇಲ್ಲ. ಆಮೇಲೆ ಒಂದು ಹಂತದಲ್ಲಿ ಕೂಡಿಟ್ಟ ನೀರೆಲ್ಲ ಬಿಸಿ ಟ್ರೇಗೆ ಬಿದ್ದು ಒಮ್ಮೆಗೇ ಆವಿಯಾಗುತ್ತದೆ. ಪ್ರೆಷರ್ ಜಿಗಿಯುತ್ತದೆ, ಮೇಲಿನ ಟೆಂಪರೇಚರ್ ಏರುತ್ತದೆ, ಬೂಟ್ ದಿಢೀರ್ ತುಂಬುತ್ತದೆ. ಕಾಲಮ್ ತೇಗಿತು ಅಂತ ಆಪರೇಟರ್‌ಗಳು ಹೇಳುವುದು ಇದನ್ನೇ. ಆಮೇಲೆ ಸ್ವಲ್ಪ ಹೊತ್ತು ಎಲ್ಲ ಸರಿ. ನಂತರ ಮತ್ತೆ ಶುರು.

ಮಾಮೂಲಿ ಫ್ಲಡಿಂಗ್ (ಲೋಡ್ ಮೀರಿ ಟ್ರೇಗಳಲ್ಲಿ ದ್ರವ ತುಂಬಿಕೊಳ್ಳುವುದು) ಜೊತೆ ಇದನ್ನು ಕಲೆಸಬೇಡಿ. ಫ್ಲಡಿಂಗ್ ಆದರೆ ಲೋಡ್ ಇಳಿಸಿದ ಕೂಡಲೇ ಡಿಪಿ ಇಳಿಯುತ್ತದೆ, ಏರಿಸಿದರೆ ಏರುತ್ತದೆ. ನೀರಿನ ಕಾಟಕ್ಕೆ ಒಂದು ಲಯ ಇರುತ್ತದೆ, ಲೋಡ್ ಒಂದೇ ಇದ್ದರೂ ಏರಿಳಿತ ತಪ್ಪುವುದಿಲ್ಲ. ಹಾಗಾಗಿ ಮೊದಲ ಕೆಲಸ ಇಡೀ ಶಿಫ್ಟಿನ ಟ್ರೆಂಡ್ ತೆರೆಯುವುದು. ಡಿಪಿ, ಮಧ್ಯದ ಟೆಂಪರೇಚರ್, ಮೇಲಿನ ಟೆಂಪರೇಚರ್, ಬೂಟ್ ವಾಲ್ವ್ ಓಪನಿಂಗ್, ಈ ನಾಲ್ಕನ್ನೂ ಒಂದೇ ಪರದೆಯಲ್ಲಿ ಒಂದರ ಕೆಳಗೊಂದು ಹಾಕಿ. ಬೂಟ್ ವಾಲ್ವ್ ಮುಚ್ಚಿಕೊಂಡಾಗಲೇ ಡಿಪಿ ಏರುತ್ತಿದ್ದರೆ, ಡಿಪಿ ಬಿದ್ದ ಮರುಕ್ಷಣ ವಾಲ್ವ್ ಬಾಯಿ ತೆರೆದರೆ ಕಳ್ಳ ಸಿಕ್ಕ ಹಾಗೆ. ಇದಕ್ಕೆ ಪೈಸೆ ಖರ್ಚಿಲ್ಲ.

ನಂತರ ಕಾಲಮ್‌ನಲ್ಲಿ ವಾಟರ್ ಡ್ರಾ ಟ್ರೇ (ನೀರನ್ನು ಮಧ್ಯದಿಂದಲೇ ಹೊರಗೆ ತೆಗೆಯುವ ಟ್ರೇ) ಇದ್ದರೆ ಅದರ ಲೈನ್ ಮುಟ್ಟದೆ ಟೆಂಪರೇಚರ್ ಗನ್‌ನಿಂದ ನೋಡಿ. ಹರಿವು ಇರುವ ಪೈಪ್ ಬಿಸಿ ಇರುತ್ತದೆ, ಕಟ್ಟಿಕೊಂಡದ್ದು ಸುತ್ತಲಿನ ಗಾಳಿಯಷ್ಟೇ ತಣ್ಣಗೆ. ಫೀಡ್ ಡ್ರಮ್‌ನ ಬೂಟ್ ಕೂಡ ನೋಡಿ. ಇಷ್ಟಾದ ಮೇಲೂ ತಿಳಿಯದಿದ್ದರೆ ಪ್ಯಾನೆಲ್ ಇನ್‌ಚಾರ್ಜ್ ಒಪ್ಪಿಗೆ ಪಡೆದು ರಿಫ್ಲಕ್ಸ್ ಸ್ವಲ್ಪ ಸ್ವಲ್ಪವಾಗಿ ಇಳಿಸಿ. ಮೇಲಿನ ಟೆಂಪರೇಚರ್ ಏರಿದರೆ ನೀರಿಗೆ ಬಾಗಿಲು ಅಗಲವಾಗುತ್ತದೆ. ಬೂಟ್‌ಗೆ ನೀರು ಸುರಿಯಲು ಶುರುವಾದರೆ ಅನುಮಾನ ನಿಜವಾಯಿತು. ಅಷ್ಟು ಹೊತ್ತು ಪ್ರಾಡಕ್ಟ್ ಕೆಡುತ್ತದೆ, ಅದನ್ನು ಎಲ್ಲಿಗೆ ತಿರುಗಿಸಬೇಕು ಅಂತ ಮೊದಲೇ ಮಾತಾಡಿಕೊಂಡಿರಬೇಕು. ನನ್ನ ಅಭಿಪ್ರಾಯ ಕೇಳಿದರೆ, ಶುದ್ಧತೆಯ ಹಠಕ್ಕೆ ಮೇಲಿನ ಟೆಂಪರೇಚರ್ ಹಿಂಡುವುದೇ ಈ ಕಾಟಕ್ಕೆ ಅರ್ಧ ಕಾರಣ.

ಡಿಸ್ಟಿಲರಿಯಿಂದ ಬಂದವರಿಗೆ ಇದು ಹೊಸದಲ್ಲ. ಆಲ್ಕೋಹಾಲ್ ಶುದ್ಧ ಮಾಡುವ ರೆಕ್ಟಿಫೈಯರ್‌ನಲ್ಲಿ ಫ್ಯೂಸೆಲ್ ಆಯಿಲ್ (ಐಸೋಅಮೈಲ್ ತರಹದ ಭಾರದ ಆಲ್ಕೋಹಾಲ್‌ಗಳು) ಮಾಡುವುದು ಇದನ್ನೇ. ಐಸೋಅಮೈಲ್ ಆಲ್ಕೋಹಾಲ್ ಒಂದೇ ಇದ್ದರೆ ಸುಮಾರು 131 ಡಿಗ್ರಿಗೆ ಕುದಿಯುವಂಥದ್ದು. ನೀರು ಜಾಸ್ತಿ ಇರುವ ಕೆಳಭಾಗದಲ್ಲಿ ಅದು ಹಗುರ, ಅಂದರೆ ಬೇಗ ಆವಿಯಾಗುತ್ತದೆ; ಆಲ್ಕೋಹಾಲ್ ಜಾಸ್ತಿ ಇರುವ ಮೇಲ್ಭಾಗದಲ್ಲಿ ಭಾರ. ಮಧ್ಯದಲ್ಲಿ ನಿಲ್ಲುತ್ತದೆ. ಫ್ಯೂಸೆಲ್ ಡ್ರಾ ಮರೆತರೆ ಟೆಂಪರೇಚರ್ ಕುಣಿದು, ಕೊನೆಗೆ ಲೀಸ್‌ನಲ್ಲಿ ಆಲ್ಕೋಹಾಲ್ ಹೋಗಲು ಶುರುವಾಗುತ್ತದಲ್ಲ, ಅದೇ ಆಟ. ಅಲ್ಲಿ ನೀವು ಡ್ರಾ ವಾಲ್ವ್ ತೆರೆಯುತ್ತಿದ್ದಿರಿ. ಇಲ್ಲಿ ಎಷ್ಟೋ ಕಾಲಮ್‌ಗಳಲ್ಲಿ ಆ ವಾಲ್ವೇ ಇರುವುದಿಲ್ಲ.

ನೀರು ಬರುತ್ತಲೇ ಇದೆ, ಎಲ್ಲಿಂದ ಅಂತ ಗೊತ್ತಿಲ್ಲ

ಮೊದಲು ಟ್ಯಾಂಕ್. ಡಿಪ್ ಟೇಪಿಗೆ ವಾಟರ್ ಪೇಸ್ಟ್ ಹಚ್ಚಿ ತಳದ ನೀರು ಅಳೆಯಿರಿ, ಪೆಟ್ರೋಲ್ ಬಂಕ್‌ನಲ್ಲಿ ಮಾಡುವ ಹಾಗೇ. ಟ್ಯಾಂಕ್ ಬದಲಾಯಿಸಿದ ಮೇಲೇ ತೊಂದರೆ ಶುರುವಾಯಿತಾ ಅಂತ ಲಾಗ್ ಬುಕ್ ಹೇಳುತ್ತದೆ. ಫೀಡ್ ಸ್ಯಾಂಪಲ್ ಗಾಜಿನ ಬಾಟಲಿಯಲ್ಲಿ ಹಿಡಿದು ತಣಿಯಲು ಬಿಡಿ. ಬಿಸಿಯಿದ್ದಾಗ ತಿಳಿಯಾಗಿದ್ದು, ತಣಿದಾಗ ಮಸುಕಾದರೆ ಕರಗಿದ್ದ ನೀರು ಹೊರಬರುತ್ತಿದೆ. ಬಿಸಿ ಎಣ್ಣೆ ತಣ್ಣನೆಯದಕ್ಕಿಂತ ಜಾಸ್ತಿ ನೀರನ್ನು ಕರಗಿಸಿಕೊಳ್ಳುತ್ತದೆ. ತಳದಲ್ಲಿ ಹನಿಗಳೇ ಉರುಳಾಡಿದರೆ ಬಿಡಿ ನೀರು ಬರುತ್ತಿದೆ, ಕಾಲಮ್‌ಗೆ ಮೊದಲು ನೀರು ಬೇರ್ಪಡಿಸುವ ಸೆಟ್ಲರ್ ಅಥವಾ ಕೋಅಲೆಸರ್ ಕೆಲಸ ಮಾಡುತ್ತಿಲ್ಲ. (ಇದು ನಾಫ್ತಾ ತರಹದ ದ್ರವಕ್ಕೆ. ಎಲ್‌ಪಿಜಿಯನ್ನು ಎಂದಿಗೂ ಬಾಟಲಿಯಲ್ಲಿ ಹಿಡಿಯಬೇಡಿ, ಅದಕ್ಕೆ ಸ್ಯಾಂಪಲ್ ಬಾಂಬ್, ಅಂದರೆ ಒತ್ತಡ ತಡೆಯುವ ಲೋಹದ ಸಿಲಿಂಡರ್ ಬೇಕು.)

ಫೀಡ್ ಒಣಗಿದ್ದರೆ ಎಕ್ಸ್‌ಚೇಂಜರ್ ಲೀಕ್ ಮೇಲೆ ಅನುಮಾನ. ಬಿಚ್ಚುವ ಮೊದಲು ಬೂಟ್ ನೀರನ್ನು ಲ್ಯಾಬಿಗೆ ಕಳಿಸಿ. ಗಡಸುತನ ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಿಕ್ಕರೆ ಅದು ಕೂಲಿಂಗ್ ವಾಟರ್. ವಿಜಯಪುರದ ಬೋರ್‌ವೆಲ್ ನೀರಿನಲ್ಲಿ ಸೋಪು ನೊರೆ ಬಾರದೆ ಒದ್ದಾಡಿದವರಿಗೆ ಈ ಗಡಸುತನ ಬಿಡಿಸಿ ಹೇಳಬೇಕಾಗಿಲ್ಲ. ಸ್ಟೀಮ್ ತಣಿದು ನೀರಾದ ಕಂಡೆನ್ಸೇಟ್‌ನಲ್ಲಿ ಅದು ಇರುವುದೇ ಇಲ್ಲ. ಆದ್ದರಿಂದ ಗಡಸುತನ ಸೊನ್ನೆಯಿದ್ದು ನೀರು ಮಾತ್ರ ಜಾಸ್ತಿ ಬರುತ್ತಿದ್ದರೆ ಸ್ಟೀಮ್ ಕಡೆ ನೋಡಿ.

ಒತ್ತಡದ ಲೆಕ್ಕವನ್ನೂ ಹಾಕಿ. ಲೀಕ್ ಯಾವಾಗಲೂ ಹೆಚ್ಚಿನ ಒತ್ತಡದಿಂದ ಕಡಿಮೆ ಕಡೆಗೆ. ಕೂಲಿಂಗ್ ವಾಟರ್ 4 ಬಾರ್, ಕ್ರೂಡ್ (ಕಚ್ಚಾ ತೈಲ) ಕಾಲಮ್ ಮೇಲ್ಭಾಗ 1.5 ಬಾರ್ ಇದ್ದರೆ ನೀರು ಎಣ್ಣೆಗೆ ಬರುತ್ತದೆ. 10 ಬಾರ್ ಕಾಲಮ್‌ನ ಕಂಡೆನ್ಸರ್ ಲೀಕ್ ಆದರೆ ಉಲ್ಟಾ, ಎಲ್‌ಪಿಜಿ ಕೂಲಿಂಗ್ ಟವರ್ ತಲುಪುತ್ತದೆ. ಟವರ್ ಹತ್ತಿರ ಗ್ಯಾಸ್ ಡಿಟೆಕ್ಟರ್ ಕೂಗಿದರೆ ಇನ್ನು ಹುಡುಕಾಟ ಬೇಡ. ಅಲ್ಲಿಂದ ದೂರ ಸರಿದು ಫೈರ್ ಮತ್ತು ಶಿಫ್ಟ್ ಇನ್‌ಚಾರ್ಜ್‌ಗೆ ತಿಳಿಸಿ. ರೀಬಾಯ್ಲರ್ ಇನ್ನೂ ಚಾಲಾಕಿ. ಪೂರ್ತಿ ಲೋಡ್‌ನಲ್ಲಿ ಸ್ಟೀಮ್ ಒತ್ತಡ ಜಾಸ್ತಿ ಇದ್ದು ನೀರು ಒಳಗೆ ಬರುತ್ತದೆ. ಲೋಡ್ ಇಳಿಸಿ ಸ್ಟೀಮ್ ವಾಲ್ವ್ ಹಿಂಡಿದಾಗ ಒಳಗಿನ ಸ್ಟೀಮ್ ಒತ್ತಡ ಕಾಲಮ್‌ಗಿಂತ ಕೆಳಗಿಳಿದು, ಎಣ್ಣೆ ಕಂಡೆನ್ಸೇಟ್‌ಗೆ ಹೋಗುತ್ತದೆ. ಹಗಲು ಒಂದು ಲಕ್ಷಣ, ರಾತ್ರಿ ಇನ್ನೊಂದು ಅಂತ ಎರಡು ಶಿಫ್ಟಿನವರು ಜಗಳ ಆಡಿದರೆ ಇಬ್ಬರೂ ನಿಜ ಹೇಳುತ್ತಿರಬಹುದು.

ಕ್ರೂಡ್ ಕಾಲಮ್ ಮೇಲ್ಭಾಗದಲ್ಲಿ ಡಿಪಿ ತಿಂಗಳುಗಟ್ಟಲೆ ಏರುತ್ತಿದೆ, ಬೂಟ್ ನೀರು ಕೆಂಪಗೆ

ಇಲ್ಲಿ ತೇಗು ಇಲ್ಲ, ಕುಣಿತ ಇಲ್ಲ. ನಿಧಾನವಾಗಿ ಕೊಲ್ಲುವ ರೋಗ. ಕ್ರೂಡ್‌ನ ಉಪ್ಪು ಬಿಸಿಗೆ ಒಡೆದು ಹೈಡ್ರೋಜನ್ ಕ್ಲೋರೈಡ್ ಬರುತ್ತದೆ. ಆವಿಯಾಗಿದ್ದಾಗ ಅದು ಹೆಚ್ಚು ಹಾನಿ ಮಾಡುವುದಿಲ್ಲ. ಮೊದಲ ನೀರಿನ ಹನಿ ಬಿದ್ದಲ್ಲಿ ಅದರಲ್ಲಿ ಕರಗಿ ಆಸಿಡ್ ಆಗಿ ಕಬ್ಬಿಣ ತಿನ್ನುತ್ತದೆ. ಅಮೋನಿಯಾ ಸೇರಿದರೆ ಅಮೋನಿಯಂ ಕ್ಲೋರೈಡ್ ಉಪ್ಪು ಟ್ರೇ ಮೇಲೆ ಕೂರುತ್ತದೆ.

ಮೊದಲ ಚೆಕ್ ಬೂಟ್ ನೀರಿನ ಪಿಎಚ್ ಮತ್ತು ಕಬ್ಬಿಣ. ಪಿಎಚ್ ಸಾಮಾನ್ಯವಾಗಿ 5.5ರಿಂದ 6.5ರ ನಡುವೆ ಇಡುತ್ತಾರೆ. ಎರಡನೆಯದು ಡ್ಯೂ ಪಾಯಿಂಟ್ (ಆವಿ ಹನಿಯಾಗಲು ಶುರುವಾಗುವ ಟೆಂಪರೇಚರ್) ಲೆಕ್ಕ. ಮೇಲಿನ ಒತ್ತಡ 1.5 ಬಾರ್, ಆವಿಯಲ್ಲಿ ಸ್ಟೀಮ್ 40 ಮೋಲ್ ಪರ್ಸೆಂಟ್ ಆದರೆ ನೀರಿನ ಪಾಲು 0.6 ಬಾರ್. 0.6 ಬಾರ್‌ಗೆ ನೀರು ಹನಿಯಾಗುವುದು 86 ಡಿಗ್ರಿಗೆ. ಕಾಲಮ್ ಮೇಲ್ಭಾಗ 92ರಲ್ಲಿದೆ, ಪರವಾಗಿಲ್ಲ ಅನ್ನಬೇಡಿ. ರಿಫ್ಲಕ್ಸ್ 45 ಡಿಗ್ರಿಯಲ್ಲಿ ಬಂದು ಬೀಳುವ ಟ್ರೇ ಮೇಲೆ, ಗೋಡೆ ಅಂಚಿನಲ್ಲಿ ಅದಕ್ಕಿಂತ ತಣ್ಣಗಿರುವ ಜಾಗ ಇದ್ದೇ ಇರುತ್ತದೆ. ಸುಮಾರು 14 ಡಿಗ್ರಿ ಅಂತರ ಬಿಡುವುದು ವಾಡಿಕೆ, ಅಂದರೆ ಇಲ್ಲಿ 100. ಉಪ್ಪು ಮಾತ್ರ ಡ್ಯೂ ಪಾಯಿಂಟ್‌ಗಿಂತ ಮೇಲೂ ಕೂರಬಲ್ಲದು. ಆದ್ದರಿಂದ ಅಂತರ ಇದ್ದೂ ಡಿಪಿ ಏರುತ್ತಿದ್ದರೆ ಕ್ರೂಡ್‌ನ ಉಪ್ಪು ತೆಗೆಯುವ ಡಿಸಾಲ್ಟರ್ ಕಡೆ ಹೋಗಿ. ವಾಶ್ ವಾಟರ್ ಹಾಕಿ ಉಪ್ಪು ತೊಳೆಯುವುದು ಪ್ರೋಸೆಸ್ ಮತ್ತು ಕರೋಶನ್ ಎಂಜಿನಿಯರ್ ಕೂತು ತೀರ್ಮಾನಿಸುವ ಕೆಲಸ. ಅರೆಬರೆ ನೀರು ಹಾಕಿದರೆ ಒಣಗಿದ್ದ ಉಪ್ಪು ಒದ್ದೆಯಾಗಿ ಇನ್ನೂ ವೇಗವಾಗಿ ತಿನ್ನುತ್ತದೆ.

ಸ್ಟಾರ್ಟಪ್ ಆದ ಮೇಲೆ ಪ್ರಾಡಕ್ಟ್ ಬೇರೆಯಾಗುತ್ತಲೇ ಇಲ್ಲ, ಡಿಪಿ ತೀರಾ ಕಡಿಮೆ

ಸ್ಟಾರ್ಟಪ್ ಸಮಯದಲ್ಲಿ ಧಡ್ ಅಂತ ಸದ್ದು ಕೇಳಿಸಿತ್ತಾ? ಹಾಗಾದರೆ ಟ್ರೇಗಳು ಕಿತ್ತು ಬಿದ್ದಿರಬಹುದು. ಒಂದು ಲೀಟರ್ ನೀರು ವಾತಾವರಣದ ಒತ್ತಡದಲ್ಲಿ ಸುಮಾರು 1,600-1,700 ಲೀಟರ್ ಆವಿಯಾಗುತ್ತದೆ. ವ್ಯಾಕ್ಯೂಮ್ ಕಾಲಮ್‌ನಲ್ಲಿ ಅದರ ಹತ್ತು ಪಟ್ಟಿಗೂ ಜಾಸ್ತಿ. 300 ಡಿಗ್ರಿ ಮೀರಿದ ತಳಕ್ಕೆ ಸ್ಟ್ರಿಪ್ಪಿಂಗ್ ಸ್ಟೀಮ್ (ಹಗುರ ಭಾಗ ಎಬ್ಬಿಸಲು ತಳಕ್ಕೆ ಬಿಡುವ ಸ್ಟೀಮ್) ಲೈನ್‌ನ ತಣ್ಣನೆ ಕಂಡೆನ್ಸೇಟ್ ನುಗ್ಗಿದರೆ ಟ್ರೇ ಬೋಲ್ಟ್ ತಡೆಯುವುದಿಲ್ಲ.

ಖಚಿತಪಡಿಸಿಕೊಳ್ಳಲು ಟೆಂಪರೇಚರ್ ಪ್ರೊಫೈಲ್ ನೋಡಿ. ಮೊದಲು ಮೆಟ್ಟಿಲು ಮೆಟ್ಟಿಲಾಗಿದ್ದದ್ದು ಈಗ ಚಪ್ಪಟೆಯಾಗಿದ್ದರೆ ಆ ಭಾಗದಲ್ಲಿ ಟ್ರೇ ಇಲ್ಲ. ಮುಂದಿನದು ಗಾಮಾ ಸ್ಕ್ಯಾನ್, ಅಂದರೆ ಗಾಮಾ ಕಿರಣ ಹಾಯಿಸಿ ಒಳಗಿನ ಟ್ರೇ ನೋಡುವುದು. ಅದು ಪರವಾನಗಿ ಇರುವ ಹೊರಗಿನ ತಂಡದ ಕೆಲಸ. ಸ್ಟೀಮ್ ಹೆಚ್ಚಿಸಿ ಸರಿಮಾಡಲು ಹೋಗಬೇಡಿ.

ಮುಂದಿನ ಸಲ ಹೀಗಾಗದಿರಲು ಕೆಲಸ ಸ್ಟೀಮ್ ತೆರೆಯುವ ಮೊದಲೇ ಇದೆ. ಕಾಲಮ್ ಹತ್ತಿರದ ಕೊನೆಯ ಡ್ರೇನ್‌ನಿಂದ ಒಣ ಸ್ಟೀಮ್ ಬರುವವರೆಗೆ ಬಿಡಿ. ಬಾಯಲ್ಲಿ ಬಿಳಿ ಮೋಡ ಕಂಡರೆ, ಹನಿ ಸಿಡಿದರೆ ಇನ್ನೂ ನೀರಿದೆ. ಒಣ ಸ್ಟೀಮ್ ಬಾಯಿಂದ ಸ್ವಲ್ಪ ದೂರದವರೆಗೆ ಕಣ್ಣಿಗೇ ಕಾಣುವುದಿಲ್ಲ, ಆದ್ದರಿಂದ ಕೈ ಅಡ್ಡ ಇಟ್ಟು ನೋಡುವ ಚಾಳಿ ಬೇಡ. ಸ್ಟ್ಯಾಂಡ್‌ಬೈ ಪಂಪಿನ ಸಕ್ಷನ್, ಬೈಪಾಸ್‌ನ ತಗ್ಗು, ಬಳಸದ ಪೈಪ್ ತುಂಡು (ಡೆಡ್ ಲೆಗ್), ಇಲ್ಲೆಲ್ಲ ನೀರು ಕೂತಿರುತ್ತದೆ. ಕಾಲಮ್ ಬಿಸಿಯಾದ ಮೇಲೆ ತಣ್ಣನೆಯ ಸ್ಟ್ಯಾಂಡ್‌ಬೈ ಪಂಪನ್ನು ಡ್ರೇನ್ ಮಾಡದೆ, ಬೆಚ್ಚಗೆ ಮಾಡದೆ ಲೈನ್‌ಗೆ ತರುವುದು ಅಪಾಯ.

ಚಳಿಯ ಕಾಲಮ್ ಹೊತ್ತಲ್ಲದ ಹೊತ್ತಲ್ಲಿ ಕಟ್ಟಿಕೊಳ್ಳುತ್ತದೆ

ಈಥೇನ್ ಬೇರೆ ಮಾಡುವ ಡಿಈಥನೈಸರ್ ತರಹದ ತಣ್ಣನೆಯ ಕಾಲಮ್‌ನಲ್ಲಿ ನೀರು ಮತ್ತು ಹಗುರ ಗ್ಯಾಸ್ ಸೇರಿ ಹೈಡ್ರೇಟ್ ಅನ್ನುವ ಮಂಜಿನಂಥ ಗಟ್ಟಿ ಆಗುತ್ತದೆ. ಒತ್ತಡ ಇದ್ದರೆ ಸೊನ್ನೆ ಡಿಗ್ರಿಗಿಂತ ಮೇಲೂ ಆಗುತ್ತದೆ. ಟೆಂಪರೇಚರ್ 5 ಇದೆ, ಮಂಜು ಹೇಗಾದೀತು ಅನ್ನಬೇಡಿ. ಮೆಥನಾಲ್ ಹಾಕಿದಾಗ ಡಿಪಿ ಇಳಿದರೆ ಅದು ಹೈಡ್ರೇಟೇ. ಕಟ್ಟಿದ ಜಾಗದ ಒಂದು ಕಡೆಯ ಒತ್ತಡ ಮಾತ್ರ ಬಿಟ್ಟು ಸಡಿಲಿಸಲು ಹೋಗಬೇಡಿ, ಗಟ್ಟಿ ಗುಂಡಿನ ಹಾಗೆ ಹಾರಿ ಪೈಪ್ ಒಡೆಯಬಲ್ಲದು. ಮೆಥನಾಲ್ ವಿಷ, ಅದರ ಬೆಂಕಿ ಹಗಲಲ್ಲಿ ಸರಿಯಾಗಿ ಕಾಣುವುದೂ ಇಲ್ಲ.

ಎಲ್ಲಿ ಕೈ ಬಿಟ್ಟು ಕರೆಯಬೇಕು

ಕಾಲಮ್ ಒತ್ತಡ ಸೇಫ್ಟಿ ವಾಲ್ವ್ ಸೆಟ್ಟಿಂಗ್ ಕಡೆ ಏರುತ್ತಿದ್ದರೆ, ಒಳಗೆ ಬಡಿತದ ಸದ್ದು ಇದ್ದರೆ, ಗ್ಯಾಸ್ ಡಿಟೆಕ್ಟರ್ ಕೂಗಿದರೆ, ಡ್ರೇನ್ ವಾಲ್ವ್ ಮುಚ್ಚದಿದ್ದರೆ, ಎಕ್ಸ್‌ಚೇಂಜರ್ ಲೀಕ್ ಖಚಿತವಾದರೆ ಪತ್ತೆದಾರಿ ನಿಲ್ಲಿಸಿ. ಮೊದಲು ಫೀಡ್ ಮತ್ತು ಬಿಸಿ ಇಳಿಸುವುದು, ಜನರನ್ನು ದೂರ ಕಳಿಸುವುದು. ಯಾವ ಇಂಟರ್‌ಲಾಕ್ (ಅಪಾಯ ಬಂದರೆ ತಾನಾಗೇ ನಿಲ್ಲಿಸುವ ವ್ಯವಸ್ಥೆ) ಅನ್ನೂ ಸ್ವಲ್ಪ ಹೊತ್ತಿಗೆ ಅಂತ ಬೈಪಾಸ್ ಮಾಡಬೇಡಿ.

ಪ್ರೋಸೆಸ್ ಎಂಜಿನಿಯರ್‌ಗೆ ಫೋನ್ ಮಾಡುವಾಗ "ಕಾಲಮ್ ಸರಿಯಿಲ್ಲ ಸರ್" ಅಂದರೆ ಅವರಿಗೇನೂ ತಿಳಿಯುವುದಿಲ್ಲ. ಮೇಲಿನ ಒತ್ತಡ ಮತ್ತು ಟೆಂಪರೇಚರ್, ಆ ನಾಲ್ಕು ಟ್ರೆಂಡಿನ ಚಿತ್ರ, ಒಂದು ಶಿಫ್ಟಿನಲ್ಲಿ ಬೂಟ್‌ನಿಂದ ಎಷ್ಟು ನೀರು ಹೋಯಿತು, ಆ ನೀರಿನ ಪಿಎಚ್ ಮತ್ತು ಗಡಸುತನ, ಕೊನೆಯ ಬಾರಿ ಟ್ಯಾಂಕ್ ಬದಲಾಯಿಸಿದ ಹೊತ್ತು, ಇಷ್ಟನ್ನು ಕೈಯಲ್ಲಿಟ್ಟುಕೊಂಡು ಫೋನ್ ಮಾಡಿ.